ಪಿಎಸ್5 ಆಟಕ್ಕೂ ಅಪ್ಪ-ಅಮ್ಮನ ನ್ಯೂಸಿಗೂ ಒಂದೇ ಟಿವಿ: 55 ಇಂಚಲ್ಲಿ ಓಎಲ್‌ಇಡಿನಾ, ಮಿನಿ ಎಲ್‌ಇಡಿನಾ?

ಸಾಗರಸೀಮೆ:

ಹಳೇ 43 ಇಂಚಿನ ಟಿವಿ ತೆಗೆದು 55ಕ್ಕೆ ಹೋಗೋಣ ಅಂತಿದ್ದೀವಿ. ಬಜೆಟ್ ಎಷ್ಟು ಎಳೆದರೂ 1.2 ಲಕ್ಷ. ರಾತ್ರಿ ಊಟ ಆದಮೇಲೆ ಪಿಎಸ್5 (ಸೋನಿ ಗೇಮ್ ಕನ್ಸೋಲ್), ವಾರಕ್ಕೆ ಒಂದೆರಡು ಸಿನಿಮಾ. ಹಗಲೆಲ್ಲ ರಿಮೋಟ್ ಅಪ್ಪ-ಅಮ್ಮನ ಕೈಲಿ: ದಿನಕ್ಕೆ ನಾಲ್ಕೈದು ಗಂಟೆ ಕನ್ನಡ ನ್ಯೂಸ್ ಚಾನೆಲ್, ಧಾರಾವಾಹಿ, ಮ್ಯಾಚ್ ಇದ್ದರೆ ಕ್ರಿಕೆಟ್. ಹಾಲ್‌ನಲ್ಲಿ ಟಿವಿ ಪಕ್ಕಕ್ಕೇ ಪಡುವಣ ಕಿಟಕಿ, ಕರ್ಟನ್ ತೆಳು. ಸೋಫಾದಿಂದ ಗೋಡೆಗೆ ಏಳೂವರೆ ಅಡಿ.

ಅಂಗಡಿಯಲ್ಲಿ ಇದರ ಅರ್ಧ ಬೆಲೆಗೆ ಒಂದು "120 ಹರ್ಟ್ಸ್ ಗೇಮಿಂಗ್ ಕ್ಯುಎಲ್‌ಇಡಿ" ತೋರಿಸಿದರು. ಡಬ್ಬದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಡಿಎಲ್‌ಜಿ ಅಂತಿದೆ. ಏನದು? ಅಷ್ಟರಲ್ಲೇ ಕೆಲಸ ಆಗುತ್ತೆ ಅಂದರೆ ಉಳಿದ ದುಡ್ಡು ಉಳಿಯಲಿ. ಇಲ್ಲ ಅಂದರೆ ಓಎಲ್‌ಇಡಿಗೆ ಹೋಗಬೇಕಾ, ಮಿನಿ ಎಲ್‌ಇಡಿಗಾ? ಗೊತ್ತಿದ್ದವರು ಹೇಳಿ.

ಫ್ರೇಮ್‌ಲೆಕ್ಕ:

ಮೊದಲು ಆ ಡಿಎಲ್‌ಜಿ ವಿಚಾರ, ಇದರಲ್ಲಿ ತುಂಬಾ ಜನ ಮೋಸಹೋಗ್ತಾರೆ. ಡಿಎಲ್‌ಜಿ ಅಂದರೆ ಡ್ಯುಯಲ್ ಲೈನ್ ಗೇಟ್. ಪ್ಯಾನೆಲ್ (ಪರದೆ) ಅಸಲಿಗೆ 60 ಹರ್ಟ್ಸಿನದೇ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಅದನ್ನು 120ಕ್ಕೆ ಓಡಿಸುವಾಗ ಎರಡೆರಡು ಸಾಲು ಪಿಕ್ಸೆಲ್‌ಗಳಿಗೆ ಒಂದೇ ಮಾಹಿತಿ ಬರೆಯುತ್ತಾರೆ. 2160 ಸಾಲಿನ 4ಕೆ ಚಿತ್ರ 1080 ಸಾಲಿಗೆ ಇಳಿಯುತ್ತದೆ. ಚಲನೆ ನುಣುಪಾಗಿ ಕಾಣೋದು ನಿಜ, ಆದರೆ ಮೆನುವಿನ ಸಣ್ಣ ಅಕ್ಷರ, ದೂರದ ತಂತಿ, ಎಲೆ, ಜಾಲರಿ ಎಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಪಿಎಸ್5ರ ವಿಡಿಯೊ ಔಟ್‌ಪುಟ್ ಇನ್ಫರ್ಮೇಷನ್ ಪುಟದಲ್ಲಿ 120 ಹರ್ಟ್ಸ್ ಬಂತು ಅಂತ ನಂಬಬೇಡಿ. ಸಿಗ್ನಲ್ ಟಿವಿ ಒಪ್ಪಿತು ಅಂತ ಮಾತ್ರ ಅದರರ್ಥ, ಪ್ಯಾನೆಲ್ ಏನು ಮಾಡುತ್ತಿದೆ ಅಂತ ಅದು ಹೇಳಲ್ಲ.

"ಮೋಷನ್ ರೇಟ್ 240", "ಎಂಇಎಂಸಿ 120" ಇವೂ ಲೆಕ್ಕಕ್ಕಿಲ್ಲ. ಎಂಇಎಂಸಿ ಅಂದರೆ ಎರಡು ಫ್ರೇಮಿನ (ಬಿಡಿ ಚಿತ್ರದ) ನಡುವೆ ಟಿವಿಯೇ ಒಂದು ಫ್ರೇಮ್ ಊಹಿಸಿ ತುರುಕೋದು. ಊಹಿಸಲು ಮುಂದಿನ ಫ್ರೇಮ್ ಬರೋವರೆಗೆ ಕಾಯಬೇಕು, ಹಾಗಾಗಿ ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ. ಆಟಕ್ಕೆ ಅದು ಬೇಡವೇ ಬೇಡ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾದರಿಯ ಪೂರ್ತಿ ವಿವರಪಟ್ಟಿ ತೆರೆದು ನೇಟಿವ್ ರಿಫ್ರೆಶ್ ರೇಟ್ (ಪ್ಯಾನೆಲ್ಲಿನ ಸ್ವಂತ ವೇಗ) 100/120 ಅಥವಾ 144 ಅಂತ ಇದೆಯಾ ನೋಡಿ. ಅಲ್ಲಿ ಇಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ.

120 ಹರ್ಟ್ಸ್ ಯಾಕೆ ಬೇಕು, ಹೆಚ್ಚಿನ ಆಟ ಸೆಕೆಂಡಿಗೆ 60 ಫ್ರೇಮೇ ಅಲ್ವಾ ಅಂತ ಕೇಳಬಹುದು. ಅಸಲು ಲಾಭ 40 ಫ್ರೇಮ್ ಮೋಡ್‌ನಲ್ಲಿದೆ. 60 ಹರ್ಟ್ಸಿನಲ್ಲಿ 40 ಸಮನಾಗಿ ಕೂರಲ್ಲ, 120ರಲ್ಲಿ ಒಂದೊಂದು ಫ್ರೇಮ್ ಮೂರು ಸಲ ತೋರಿಸಿದರೆ ಸರಿಹೋಗುತ್ತದೆ. 30 ಫ್ರೇಮಿನಲ್ಲಿ ಒಂದು ಫ್ರೇಮ್ 33.3 ಮಿಲಿಸೆಕೆಂಡ್ ನಿಲ್ಲುತ್ತದೆ, 40ರಲ್ಲಿ 25, 60ರಲ್ಲಿ 16.7. ಅಂದರೆ ಸಮಯದ ಲೆಕ್ಕದಲ್ಲಿ 40 ಅನ್ನೋದು 30 ಮತ್ತು 60ರ ಸರಿಯಾದ ನಡುಮಧ್ಯ. ಸ್ಪೈಡರ್‌ಮ್ಯಾನ್ 2, ಹೊರೈಜನ್ ಫರ್ಬಿಡನ್ ವೆಸ್ಟ್, ಗಾಡ್ ಆಫ್ ವಾರ್ ರಾಗ್ನರಾಕ್ ಇವುಗಳಲ್ಲಿ ಈ ಮೋಡ್ ಇದೆ, 120 ಹರ್ಟ್ಸ್ ಟಿವಿ ಇಲ್ಲದಿದ್ದರೆ ಸಿಗಲ್ಲ.

ಇನ್ನೊಂದು ವಿಆರ್‌ಆರ್ (ವೇರಿಯಬಲ್ ರಿಫ್ರೆಶ್ ರೇಟ್), ಅಂದರೆ ಆಟ ಫ್ರೇಮ್ ಕೊಡುವ ವೇಗಕ್ಕೆ ತಕ್ಕಂತೆ ಟಿವಿಯೂ ತನ್ನ ವೇಗ ಬದಲಿಸಿಕೊಳ್ಳೋದು. 2022ರ ಏಪ್ರಿಲ್ ಅಪ್‌ಡೇಟ್‌ನಿಂದ ಪಿಎಸ್5ರಲ್ಲಿ ಇದೆ, 48ರಿಂದ 120 ಹರ್ಟ್ಸ್‌ವರೆಗೆ. ಎಲ್ಡೆನ್ ರಿಂಗ್‌ನಂಥ, 60 ಮುಟ್ಟದೆ 50ರ ಆಸುಪಾಸು ತೂಗಾಡುವ ಆಟಕ್ಕೆ ಇದು ವರ. 48ಕ್ಕಿಂತ ಕೆಳಗೆ ಬಿದ್ದರೆ, ಆಟದವರು ಬೇರೆ ಏರ್ಪಾಡು ಮಾಡಿರದ ಹೊರತು, ಮತ್ತೆ ಗಕ್ಕೆನ್ನುತ್ತದೆ.

ಒಟ್ಟಿನಲ್ಲಿ ಆ ಡಿಎಲ್‌ಜಿ ಟಿವಿ ಬಿಟ್ಟುಬಿಡಿ. ನಿಮ್ಮ ದುಡ್ಡಿಗೆ ನಿಜವಾದ 120 ಸಿಗುತ್ತದೆ. 55 ಇಂಚಿಗೆ ಏಳೂವರೆ ಅಡಿ ಸ್ವಲ್ಪ ದೂರವೇ ಆಯಿತು. ಐದೂವರೆಯಿಂದ ಏಳು ಅಡಿ ಒಳಗಿದ್ದರೆ 4ಕೆ ಕಣ್ಣಿಗೆ ಹತ್ತುತ್ತದೆ, ಆಡುವಾಗ ಕುರ್ಚಿ ಒಂದಡಿ ಮುಂದೆ ಎಳೆದುಕೊಳ್ಳಿ.

ಕಾರ್ಗತ್ತಲು:

ಆಟ ಮತ್ತು ಸಿನಿಮಾ ಮುಖ್ಯ ಅಂದಮೇಲೆ ನನ್ನ ಓಟು ಓಎಲ್‌ಇಡಿಗೆ. ಹೋದ ವರ್ಷದ ಮಾದರಿ ಹುಡುಕಿದರೆ ನಿಮ್ಮ ಬಜೆಟ್ಟಿಗೆ ಬರಬಹುದು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇ. 18 ಆಗಿದೆ, ಹಳೇ ಪೋಸ್ಟ್‌ಗಳಲ್ಲಿರೋ ಬೆಲೆ ಜತೆ ಹೋಲಿಸಬೇಡಿ.

ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಈ ಬೆಲೆಯ ಮಿನಿ ಎಲ್‌ಇಡಿಯಲ್ಲಿ ಪರದೆಯ ಹಿಂದಿನ ಪುಟ್ಟ ದೀಪಗಳು ಗುಂಪುಗುಂಪಾಗಿ ಬೆಳಗಿ ಆರುತ್ತವೆ, ಅಂಥ ವಲಯಗಳು ಕೆಲವು ನೂರು. 400 ವಲಯ ಅಂತಿಟ್ಟುಕೊಂಡರೆ ಒಂದೊಂದು ವಲಯದ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಿಕ್ಸೆಲ್. ಕತ್ತಲೆ ಗುಹೆಯಲ್ಲಿ ನಡೆಯುತ್ತಿರುವಾಗ ಮೂಲೆಯ ಬಿಳಿ ಹೆಲ್ತ್ ಬಾರ್ ಸುತ್ತ ಮಬ್ಬು ಬೆಳಕು ಹರಡೋದು ಇದೇ ಕಾರಣಕ್ಕೆ.

ಎರಡನೇದು ವೇಗ. ಓಎಲ್‌ಇಡಿ ಪಿಕ್ಸೆಲ್ ಒಂದು ಮಿಲಿಸೆಕೆಂಡ್ ಒಳಗೇ ಬಣ್ಣ ಬದಲಿಸುತ್ತದೆ. ವಿಎ ಪ್ಯಾನೆಲ್ (ಎಲ್‌ಇಡಿ ಟಿವಿಗಳಲ್ಲಿ ಬರುವ ಒಂದು ಬಗೆಯ ಪರದೆ) ಕಪ್ಪಿನಿಂದ ಬೂದು ಬಣ್ಣಕ್ಕೆ ಹೋಗುವಾಗ ನಿಧಾನ, ಕತ್ತಲೆ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದರೆ ವಸ್ತುಗಳ ಹಿಂದೆ ಕಪ್ಪು ಬಾಲ ಎಳೆಯುತ್ತದೆ. ಯಾವ ಸೆಟ್ಟಿಂಗಿಂದಲೂ ಅದು ಪೂರ್ತಿ ಹೋಗಲ್ಲ.

ಕೊರತೆ ಇಲ್ಲ ಅಂತಲ್ಲ. ವಿಆರ್‌ಆರ್ ಹಾಕಿದಾಗ ಫ್ರೇಮ್ ರೇಟ್ ಜೋರಾಗಿ ಏರಿಳಿದರೆ ಕಡುಗಪ್ಪು ಭಾಗ ಮಿಣುಕುತ್ತದೆ. ಲೋಡಿಂಗ್ ಪರದೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಟ್ಟಿ 60 ಕೊಡುವ ಆಟಕ್ಕೆ ವಿಆರ್‌ಆರ್ ಆಫ್ ಮಾಡಿದರೆ ಸಾಕು.

ಹಗಲುಬೆಳಕು:

ಕಾರ್ಗತ್ತಲು ಹೇಳಿದ ಚಿತ್ರದ ಮಾತು ಅಷ್ಟೂ ಸರಿ, ಆದರೆ ಈ ಮನೆಗೆ ನಾನು ಓಎಲ್‌ಇಡಿ ಹೇಳಲ್ಲ. ಪ್ರಶ್ನೆ ಇನ್ನೊಂದ್ಸಲ ಓದಿ: ದಿನಕ್ಕೆ ನಾಲ್ಕೈದು ಗಂಟೆ ನ್ಯೂಸ್ ಚಾನೆಲ್. ಕೆಳಗೆ ಗಾಢ ಕೆಂಪು ಪಟ್ಟಿ, ಅದರ ಮೇಲೆ ಹಳದಿ ಪಟ್ಟಿ, ಮೂಲೆಯಲ್ಲಿ ಲೋಗೋ, ಪಕ್ಕದಲ್ಲಿ ಗಡಿಯಾರ. ಜಾಹೀರಾತಿನ ಹೊತ್ತಲ್ಲೂ ಎಷ್ಟೋ ಸಲ ಲೋಗೋ ಅಲ್ಲೇ. ಅದೇ ಜಾಗದ ಪಿಕ್ಸೆಲ್ಲು ಅದೇ ಬಣ್ಣದಲ್ಲಿ ವರ್ಷಕ್ಕೆ ಸಾವಿರದೈನೂರು ಗಂಟೆ ಉರಿಯುತ್ತದೆ. ಬೇರೆಯವುಗಳಿಗಿಂತ ಬೇಗ ಸವೆದು ಕಲೆ ಉಳಿಯೋದು ಈ ಬಗೆಯ ಬಳಕೆಯಲ್ಲೇ. ದಿನಕ್ಕೆರಡು ಗಂಟೆ ಬೇರೆ ಬೇರೆ ಆಟ ಆಡುವವರಿಗೆ ಈ ಭಯ ಬೇಕಿಲ್ಲ. ಅಪಾಯ ಪಿಎಸ್5ರಿಂದಲ್ಲ, ನ್ಯೂಸ್ ಪಟ್ಟಿಯಿಂದ.

ಇನ್ನು ಕಿಟಕಿ. ಪರದೆ ತುಂಬಾ ತಿಳಿ ಬಣ್ಣ ಬಂದಾಗ ಈ ದರ್ಜೆಯ ಓಎಲ್‌ಇಡಿ ಬೆಳಕನ್ನು ತಾನಾಗೇ ಇಳಿಸಿಕೊಂಡು 150-200 ನಿಟ್ಸ್‌ಗೆ (ಪರದೆಯ ಪ್ರಕಾಶದ ಅಳತೆ) ಬರುತ್ತದೆ. ಮಧ್ಯಾಹ್ನದ ಟೆಸ್ಟ್ ಮ್ಯಾಚು, ಬಿಳಿ ಡ್ರೆಸ್ಸು, ಬಿಸಿಲ ಮೈದಾನ, ಪಕ್ಕದಲ್ಲಿ ಪಡುವಣ ಕಿಟಕಿ. ಮಂಕಾಗೇ ಕಾಣೋದು. ಒಳ್ಳೆಯ ಮಿನಿ ಎಲ್‌ಇಡಿ ಪೂರ್ತಿ ಬಿಳಿಯಲ್ಲೂ 500 ನಿಟ್ಸ್ ದಾಟುತ್ತದೆ.

ಆದರೆ "ಮಿನಿ ಎಲ್‌ಇಡಿ" ಅಂತ ಬರೆದ ಮಾತ್ರಕ್ಕೆ ತಗೋಬೇಡಿ. ಲೋಕಲ್ ಡಿಮ್ಮಿಂಗ್ (ಹಿಂಬದಿ ಬೆಳಕನ್ನು ವಲಯ ವಲಯವಾಗಿ ಇಳಿಸೋದು) ಇದೆಯಾ, ಎಷ್ಟು ವಲಯ, ಕೇಳಿ. ಪ್ಯಾನೆಲ್ ವಿಎನಾ, ಐಪಿಎಸ್ ಥರದ್ದಾ ತಿಳಿದುಕೊಳ್ಳಿ. ಐಪಿಎಸ್‌ನ ಸ್ವಂತ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) 1000:1ರ ಸುತ್ತ, ವಿಎ 3000:1ರಿಂದ ಮೇಲೆ. ರಾತ್ರಿ ದೀಪ ಆರಿಸಿ ಆಡುವವರಿಗೆ ವಿಎನೇ ಸರಿ. ಅದರ ದೋಷ, ಪಕ್ಕಕ್ಕೆ ಕೂತವರಿಗೆ ಕಪ್ಪು ತಿಳಿಯಾಗಿ ಬಣ್ಣ ಮಾಸುತ್ತದೆ. ಒಂದೇ ಮಾದರಿಯಲ್ಲಿ ಸೈಜ್ ಬದಲಾದರೆ ಪ್ಯಾನೆಲ್ ಬಗೆಯೂ ಬದಲಾಗುವುದುಂಟು, 65ರ ವಿಮರ್ಶೆ ಓದಿ 55 ಕೊಳ್ಳಬೇಡಿ. ಗೇಮ್ ಮೋಡ್‌ನಲ್ಲಿ ಡಿಮ್ಮಿಂಗ್ ಎಷ್ಟು ಚುರುಕು ಅಂತಲೂ ವಿಮರ್ಶೆಯಲ್ಲಿ ಹುಡುಕಿ. ಕೆಲವು ಟಿವಿ ಸಿನಿಮಾ ಮೋಡ್‌ನಲ್ಲಿ ಚೆನ್ನಾಗಿ ಕಂಡು ಆಟಕ್ಕೆ ಬಂದ ಕೂಡಲೇ ಸಪ್ಪೆಯಾಗುತ್ತವೆ.

ಅಪ್ಪ-ಅಮ್ಮನಿಗೆ ಆ 43 ಇಂಚಿನದನ್ನೇ ಇನ್ನೊಂದು ಕೋಣೆಯಲ್ಲಿ ಹಾಕಿಕೊಡೋ ಹಾಗಿದ್ದರೆ ಮಾತ್ರ ಓಎಲ್‌ಇಡಿ ತಗೊಳ್ಳಿ. ಆಗ ನಾನೂ ಅದಕ್ಕೇ ಕೈ ಎತ್ತುತ್ತೇನೆ.

ಸಾಗರಸೀಮೆ:

ಇಷ್ಟು ವಿವರ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. 43 ಇಂಚಿನದು ಒಳಗಿನ ಕೋಣೆಗೆ ಹೋಗೋದು ಕಷ್ಟ, ಅಪ್ಪನಿಗೆ ಹಾಲೇ ಬೇಕು. ಇನ್ನೆರಡು ಪ್ರಶ್ನೆ. ಹಳೇ ಸೌಂಡ್‌ಬಾರ್ ಇದೆ, ಪಿಎಸ್5 ಅದರ ಮೂಲಕ ಟಿವಿಗೆ ಹೋಗುತ್ತೆ, ಹಾಗೇ ಇರಲಾ? ಮಳೆಗಾಲದ ಮುಂಚೆ ನಮ್ಮ ಕಡೆ ಸಿಡಿಲು ಜಾಸ್ತಿ, ವೋಲ್ಟೇಜೂ ಮೇಲೆ ಕೆಳಗೆ. ರಾತ್ರಿ ಟಿವಿ ಸ್ವಿಚ್ ಗೋಡೆಯಲ್ಲೇ ಆರಿಸ್ತೀವಿ. ಸ್ಟೆಬಿಲೈಸರ್ ಬೇಕಾ?

ತಂತಿಜಾಲ:

ಸೌಂಡ್‌ಬಾರ್ ಮೂಲಕ ಬೇಡ. ಹಳೇ ಬಾರ್‌ಗಳ ಎಚ್‌ಡಿಎಂಐ 2.0, ಅಂದರೆ ಸೆಕೆಂಡಿಗೆ 18 ಗಿಗಾಬಿಟ್. 4ಕೆ 60ರ ಮೇಲೆ ದಾಟಿಸಲ್ಲ, ವಿಆರ್‌ಆರ್ ಅಲ್ಲೇ ಸಾಯುತ್ತದೆ. ಪಿಎಸ್5 ನೇರ ಟಿವಿಗೆ, ಟಿವಿಯ ಆರ್ಕ್ ಅಥವಾ ಇಆರ್ಕ್ (ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ) ಪೋರ್ಟಿನಿಂದ ಬಾರ್‌ಗೆ.

ಇಲ್ಲೇ ಪೋರ್ಟ್ ಎಣಿಸಿ. ಸೋನಿ ಬ್ರಾವಿಯಾದಲ್ಲಿ, ಇನ್ನೂ ಹಲವು ಟಿವಿಗಳಲ್ಲಿ, ನಾಲ್ಕರಲ್ಲಿ ಎರಡೇ ಪೋರ್ಟು 4ಕೆ 120 ಒಪ್ಪೋದು, ಸೋನಿಯಲ್ಲಿ 3 ಮತ್ತು 4. ಅದರಲ್ಲಿ 3ನೇದೇ ಇಆರ್ಕ್. ಸೌಂಡ್‌ಬಾರ್ ಅಲ್ಲಿ ಕೂತರೆ ಕನ್ಸೋಲಿಗೆ ಉಳಿಯೋದು ಒಂದೇ. ಎಲ್‌ಜಿ ಸಿ ಸರಣಿಯ ಓಎಲ್‌ಇಡಿಯಲ್ಲಿ ನಾಲ್ಕೂ 120 ಒಪ್ಪುತ್ತವೆ. ನಿಮಗೆ ಒಂದೇ ಕನ್ಸೋಲ್, ತೊಂದರೆ ಇಲ್ಲ. ಮುಂದೆ ಎಕ್ಸ್‌ಬಾಕ್ಸ್, ಪಿಸಿ ಸೇರಿಸೋದಿದ್ದರೆ ಈಗಲೇ ಯೋಚಿಸಿ.

ಕೇಬಲ್ ಬೇರೆ ಕೊಳ್ಳಬೇಡಿ. ಪಿಎಸ್5 ಡಬ್ಬದಲ್ಲೇ ಬಂದದ್ದು ಅಲ್ಟ್ರಾ ಹೈ ಸ್ಪೀಡ್, 48 ಗಿಗಾಬಿಟ್‌ನದು. ಸಾಲದಿದ್ದರೆ ಡಬ್ಬದ ಮೇಲೆ ಅದೇ ಹೆಸರಿನ, ಸ್ಕ್ಯಾನ್ ಮಾಡುವ ಲೇಬಲ್ ಇರೋದನ್ನೇ ತಗೊಳ್ಳಿ, ಎರಡು ಮೀಟರ್ ಒಳಗೆ. ಗೋಡೆಯೊಳಗೆ ಎಂಟು ಹತ್ತು ಮೀಟರ್ ಎಳೆಯೋದಾದರೆ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ, ಟಿವಿ ಕಡೆಯ ತುದಿ ಟಿವಿಗೇ ಹೋಗಬೇಕು. ಉಲ್ಟಾ ಎಳೆದು ಪ್ಲಾಸ್ಟರ್ ಮಾಡಿದರೆ ಮತ್ತೆ ಗೋಡೆ ಒಡೆಯೋದೇ.

ಕರೆಂಟಿನ ವಿಚಾರ: ಟಿವಿ ಹಿಂದಿನ ಲೇಬಲ್ ನೋಡಿ, 100-240 ವೋಲ್ಟ್ ಅಂತಿದ್ದರೆ ವೋಲ್ಟೇಜ್ ಇಳಿದರೆ ಅದಕ್ಕೇನೂ ಆಗಲ್ಲ, ಸ್ಟೆಬಿಲೈಸರ್ ಅಗತ್ಯ ಕಡಿಮೆ. ಬೇಕಾದ್ದು ಒಳ್ಳೆ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್. ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಸರ್ಜ್ ಪ್ರೊಟೆಕ್ಟರ್ ಅರ್ಧ ಕೆಲಸವನ್ನೂ ಮಾಡಲ್ಲ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಸಿಡಿಲಿಗೆ ಮಾತ್ರ ಯಾವ ಪೆಟ್ಟಿಗೆಯೂ ಖಾತ್ರಿಯಲ್ಲ. ಪ್ಲಗ್ ಕಿತ್ತರೆ ಸಾಲದು, ಡಿಶ್‌ನಿಂದ ಸೆಟ್ ಟಾಪ್ ಬಾಕ್ಸಿಗೆ ಬರುವ ಕೇಬಲ್ಲನ್ನೂ ತಿರುಗಿಸಿ ತೆಗೆಯಿರಿ. ಸಿಡಿಲಿನ ಹೊಡೆತ ಎಷ್ಟೋ ಸಲ ಆ ದಾರಿಯಲ್ಲಿ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿ ಬೋರ್ಡಿಗೆ ಬರುತ್ತದೆ.

ಗೋಡೆ ಸ್ವಿಚ್ ಆರಿಸೋ ರೂಢಿ ಮಿನಿ ಎಲ್‌ಇಡಿಗೆ ತೊಂದರೆಯಿಲ್ಲ. ಓಎಲ್‌ಇಡಿಗೆ ತೊಂದರೆ. ಎಲ್‌ಜಿಯದು ಒಟ್ಟು ನಾಲ್ಕು ಗಂಟೆ ಓಡಿದ ಮೇಲೆ, ರಿಮೋಟಿನಲ್ಲಿ ಆರಿಸಿದಾಗ, ಸ್ಟ್ಯಾಂಡ್‌ಬೈನಲ್ಲಿ ಪಿಕ್ಸೆಲ್‌ಗಳನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆ ಹೊತ್ತಲ್ಲಿ ಕರೆಂಟ್ ಇಲ್ಲದಿದ್ದರೆ ಆ ಕೆಲಸ ಬಾಕಿ ಬೀಳುತ್ತಾ ಹೋಗುತ್ತದೆ. ನಿಮ್ಮ ಮನೆಗೆ ಮಿನಿ ಎಲ್‌ಇಡಿ ಅನ್ನಲು ನನಗೆ ಇದೂ ಒಂದು ಕಾರಣ.

ಫ್ರೇಮ್‌ಲೆಕ್ಕ:

ಟಿವಿ ಬಂದಮೇಲೆ ಸೆಟ್ಟಿಂಗ್ ಈ ಕ್ರಮದಲ್ಲೇ ಮಾಡಿ, ಹಿಂದುಮುಂದಾದರೆ ಎಚ್‌ಡಿಆರ್ (ಕಡುಗತ್ತಲು, ತೀವ್ರ ಬೆಳಕು ಎರಡನ್ನೂ ವಿವರವಾಗಿ ತೋರಿಸೋದು) ಹಾಳು.

ಮೊದಲು ಟಿವಿಯಲ್ಲಿ ಆ ಪೋರ್ಟನ್ನು ಪೂರ್ತಿ ತೆರೆಯಿರಿ. ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಅಂತ, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್. ಇದನ್ನು ಮಾಡದೆ "120 ಬರ್ತಿಲ್ಲ" ಅಂತ ಟಿವಿ ವಾಪಸ್ ಕಳಿಸುವವರಿದ್ದಾರೆ. ಆಮೇಲೆ ಗೇಮ್ ಮೋಡ್. ಪವರ್ ಸೇವಿಂಗ್, ಕೋಣೆಯ ಬೆಳಕು ನೋಡಿ ಹೊಂದಿಸೋದು, ನಾಯ್ಸ್ ರಿಡಕ್ಷನ್ ಎಲ್ಲ ಆಫ್. ಕಲರ್ ಟೆಂಪರೇಚರ್ ವಾರ್ಮ್. ಎರಡು ದಿನ ಹಳದಿ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ಸೊನ್ನೆ, ಸೋನಿಯಲ್ಲಿ ಮಾತ್ರ 50 ಅಂದರೆ ಏನೂ ಸೇರಿಸದ ಸ್ಥಿತಿ.

ಟೋನ್ ಮ್ಯಾಪಿಂಗ್‌ನಲ್ಲಿ (ಎಚ್‌ಡಿಆರ್ ಬೆಳಕನ್ನು ಟಿವಿಯ ಮಿತಿಗೆ ಹೊಂದಿಸೋದು) ಎಚ್‌ಜಿಐಜಿ ಇದ್ದರೆ ಅದು, ಆ ಹೊಂದಿಕೆಯನ್ನು ಟಿವಿ ಬದಲು ಕನ್ಸೋಲಿಗೇ ಬಿಡುವ ಆಯ್ಕೆ. ಅದಾದ ಮೇಲಷ್ಟೇ ಪಿಎಸ್5ರಲ್ಲಿ ಅಡ್ಜಸ್ಟ್ ಎಚ್‌ಡಿಆರ್ ತೆರೆಯಿರಿ. ಮೊದಲ ಎರಡು ಪರದೆಯಲ್ಲಿ ನಡುವಿನ ಗುರುತು ಆಗಷ್ಟೇ ಮರೆಯಾಗುವಲ್ಲಿ ನಿಲ್ಲಿಸಿ, ಇನ್ನೂ ಹೆಚ್ಚಿಸುತ್ತಾ ಹೋದರೆ ಮೋಡ, ಬೆಂಕಿಯ ಒಳವಿವರ ಬೆಳ್ಳಗೆ ಸುಟ್ಟುಹೋಗುತ್ತದೆ. ಮೂರನೇದನ್ನು ಆದಷ್ಟು ಕೆಳಕ್ಕೆ ಇಳಿಸಿ. ಎಚ್‌ಡಿಆರ್ ಅನ್ನು "ಆನ್ ವೆನ್ ಸಪೋರ್ಟೆಡ್"ನಲ್ಲಿ ಇಡಿ, ಇಲ್ಲದಿದ್ದರೆ ಎಚ್‌ಡಿಆರ್ ಇಲ್ಲದ ಹಳೇ ಆಟಕ್ಕೂ ಬಲವಂತವಾಗಿ ಹಚ್ಚುತ್ತದೆ. ಆರ್‌ಜಿಬಿ ರೇಂಜ್ ಆಟೋಮ್ಯಾಟಿಕ್.

ಆಡುವಾಗ ಆಗೊಮ್ಮೆ ಈಗೊಮ್ಮೆ ಪರದೆ ಒಂದು ಕ್ಷಣ ಕಪ್ಪಾದರೆ, 4ಕೆ ವಿಡಿಯೊ ಟ್ರಾನ್ಸ್‌ಫರ್ ರೇಟ್ ಅನ್ನು -1ಕ್ಕೆ ಇಳಿಸಿ ನೋಡಿ. ನಿಂತರೆ ಕೇಬಲ್ ಅಥವಾ ಪೋರ್ಟಿನ ಮೇಲೆ ಅನುಮಾನ. ಕೇಬಲ್ ಬದಲಿಸಿ ಮತ್ತೆ ಆಟೋಮ್ಯಾಟಿಕ್‌ಗೆ ತನ್ನಿ.

ಸೆಟ್ ಟಾಪ್ ಬಾಕ್ಸನ್ನು ಬೇರೆ ಪೋರ್ಟಿಗೆ ಹಾಕಿ, ಆ ಪೋರ್ಟಿಗೆ ಗೇಮ್ ಮೋಡ್ ಬೇಡ. ಬಾಕ್ಸಿನ ಔಟ್‌ಪುಟ್ 576ರಲ್ಲಿ ಉಳಿದಿದ್ದರೆ 1080ಕ್ಕೆ ಬದಲಿಸಿ. ಅಪ್ಪನ ನ್ಯೂಸಿಗೆ ಆಗೋ ಅತಿ ದೊಡ್ಡ ವ್ಯತ್ಯಾಸ ಇದೇ.

ಹಗಲುಬೆಳಕು:

ಕೊನೆಗೆ ಕೊಳ್ಳುವ ದಿನದ ಮಾತು. ಅಂಗಡಿಯಲ್ಲಿ ಟಿವಿ ಡೆಮೊ ಮೋಡ್‌ನಲ್ಲಿರುತ್ತೆ, ಅದನ್ನು ನೋಡಿ ಬಣ್ಣ ತೀರ್ಮಾನಿಸಬೇಡಿ. ಸಿನಿಮಾ ಮೋಡ್‌ಗೆ ಹಾಕಿಸಿ ನೋಡಿ. ಪೆನ್‌ಡ್ರೈವ್‌ನಲ್ಲಿ ಮೂರು ಚಿತ್ರ ಒಯ್ಯಿರಿ: ಪೂರ್ತಿ ನಡುಬೂದು, ಪೂರ್ತಿ ಕಡುಬೂದು, ಕಪ್ಪಿನ ಮೇಲೆ ಬಿಳಿ ಚುಕ್ಕಿಗಳು. ನಡುಬೂದು ಚಿತ್ರದಲ್ಲಿ ಕೊಳೆಯಂಥ ಪಟ್ಟೆ ಕಂಡರೆ ಕ್ರಿಕೆಟ್ ಮೈದಾನದ ಮೇಲೆ ಕ್ಯಾಮೆರಾ ಸರಿದಾಗಲೂ ಅದು ಕಾಣುತ್ತದೆ. ಚುಕ್ಕಿಗಳ ಸುತ್ತ ಎಷ್ಟು ಮಬ್ಬು ಹರಡುತ್ತದೆ ಅನ್ನೋದು ಡಿಮ್ಮಿಂಗಿನ ಗುಣ.

ಮನೆಗೆ ಬಂದ ಡಬ್ಬವನ್ನು ಕಂಪನಿಯ ಟೆಕ್ನಿಷಿಯನ್ ಬರೋವರೆಗೆ ಬಿಚ್ಚಬೇಡಿ, ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ಬಿಚ್ಚೋದನ್ನು ವಿಡಿಯೊ ಮಾಡಿ. ಗೋಡೆಗೆ ಹಾಕುವ ಮುಂಚೆ ಟೇಬಲ್ ಮೇಲೆ ಇಟ್ಟು ಅದೇ ಮೂರು ಚಿತ್ರ ಹಾಕಿ ನೋಡಿ. ಮತ್ತೆ ಐದಡಿ ಎತ್ತರಕ್ಕೆ ಹಾಕಿಸಬೇಡಿ, ಕೆಳಗಿನಿಂದ ನೋಡಿದರೂ ವಿಎ ಪ್ಯಾನೆಲ್ ಮಾಸುತ್ತದೆ. 55 ಇಂಚಿನ ಟಿವಿ ಎತ್ತರ ಸುಮಾರು 69 ಸೆಂ.ಮೀ. ಸೋಫಾದಲ್ಲಿ ಕೂತು ನೆಲದಿಂದ ಕಣ್ಣಿನ ಎತ್ತರ ಟೇಪ್ ಹಿಡಿದು ಅಳೆಯಿರಿ, ಅದರಿಂದ 35 ಸೆಂ.ಮೀ. ಕಳೆದಲ್ಲಿ ಟಿವಿಯ ಕೆಳ ಅಂಚು ಬರಲಿ. ಆ ಗುರುತನ್ನು ಟೆಕ್ನಿಷಿಯನ್ ಬರುವ ಮೊದಲೇ ಪೆನ್ಸಿಲ್‌ನಲ್ಲಿ ಗೋಡೆ ಮೇಲೆ ಹಾಕಿಟ್ಟುಕೊಳ್ಳಿ.