ಸಹಾಯ ಬೇಕು: ‘ಶ್ಪ್ರಿಂಟ್ಸೆ’ ಎಂಬ ಯಿಡ್ಡಿಷ್ ಹೆಸರಿನ ಮೂಲ

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನಲ್ಲಿರುವ ನನ್ನ ತಂಗಿಗೆ ಹೆಣ್ಣುಮಗು ಹುಟ್ಟಿದೆ. ಅವಳ ಗಂಡನದು ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನ. ತೀರಿಕೊಂಡ ಹಿರಿಯರ ಹೆಸರನ್ನು ಮಗುವಿಗೆ ಇಡುವುದು ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಯಹೂದಿಗಳ ರೂಢಿಯಾದ್ದರಿಂದ, ತಮ್ಮ ಮುತ್ತಜ್ಜಿಯ ಹೆಸರಾದ ‘ಶ್ಪ್ರಿಂಟ್ಸೆ’ಯನ್ನೇ ಇಡಲು ಅವರು ನಿಶ್ಚಯಿಸಿದ್ದಾರೆ. ಇದು ಆ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ನ ಹೆಸರು. ಮೊಮ್ಮಗಳ ಹೆಸರಿನ ಅರ್ಥವೇನೆಂದು ನಮ್ಮ ಅಮ್ಮ ದಿನವೂ ಕೇಳುತ್ತಿದ್ದಾರೆ. ಅವರಿಗೆ ತಪ್ಪು ಹೇಳಲು ನನಗೆ ಮನಸ್ಸಿಲ್ಲ.

ಈ ಹೆಸರು ‘ಭರವಸೆ’ ಎಂಬ ಅರ್ಥದ, ಸ್ಪ್ಯಾನಿಷ್ ಭಾಷೆಯ ‘ಎಸ್ಪೆರಾನ್ಸಾ’ದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. 1492ರಲ್ಲಿ ಸ್ಪೇನಿನ ಯಹೂದಿಗಳನ್ನು ದೇಶದಿಂದ ಹೊರಹಾಕಲಾಯಿತು ಎಂಬುದನ್ನು ನೆನೆದರೆ ಈ ವಿವರಣೆ ಮನಸ್ಸಿಗೆ ಹತ್ತಿರವಾಗುತ್ತದೆ. ಆದರೆ ಅದೇ ಅರ್ಥದ ಇಟಾಲಿಯನ್ ಪದ ‘ಸ್ಪೆರಾಂತ್ಸಾ’ದಲ್ಲಿ ಮೊದಲ ಸ್ವರವೂ ಇಲ್ಲ, ಯಿಡ್ಡಿಷ್ ಹೆಸರಿನಲ್ಲಿರುವ ‘ತ್ಸ’ ಧ್ವನಿಯೂ ಇದೆ. ನನ್ನ ಕಿವಿಗೆ ಇದೇ ಹೆಚ್ಚು ಸಮೀಪವೆನಿಸುತ್ತದೆ. ‘ಯೆಂಟೆ’ ಎಂಬ ಇನ್ನೊಂದು ಹಳೆಯ ಯಿಡ್ಡಿಷ್ ಹೆಸರನ್ನೂ, ಕುಲೀನೆ ಎಂಬರ್ಥದ ಇಟಾಲಿಯನ್ ಪದ ‘ಜೆಂಟೀಲೆ’ಯೊಂದಿಗೆ ಜೋಡಿಸುತ್ತಾರಲ್ಲವೇ?

ಇವೆರಡರಲ್ಲಿ ಯಾವುದು ಸರಿಯಾದ ಮೂಲವೆಂಬುದನ್ನು ಬಲ್ಲವರು ದಯವಿಟ್ಟು ಆಧಾರಸಹಿತ ತಿಳಿಸಬೇಕು. ಇನ್ನೊಂದು ಕೋರಿಕೆಯೂ ಇದೆ. ಹೀಬ್ರೂ ಲಿಪಿಯಲ್ಲಿ ಬರೆಯುವಾಗ ಈ ಹೆಸರು ‘ಅಯಿನ್’ ಅಕ್ಷರದಿಂದ ಮುಗಿಯುತ್ತದೆ, ಯಿಡ್ಡಿಷ್‌ನಲ್ಲಿ ಅದು ‘ಎ’ ಸ್ವರವನ್ನು ಸೂಚಿಸುತ್ತದೆ. ತೊಟ್ಟಿಲಿಗೆ ಕಟ್ಟುವ ಫಲಕದಲ್ಲಿ ಕನ್ನಡದಲ್ಲೂ ಹೆಸರನ್ನು ಬರೆಸುವ ಆಸೆ ಅಮ್ಮನದು. ‘ಶ್ಪ್ರಿಂಟ್ಸೆ’ ಎಂದು ಬರೆಸುವುದೋ, ‘ಶ್ಪ್ರಿಂತ್ಸೆ’ ಎಂದೋ?