ಸಹಾಯ ಬೇಕು: ಜಿಮ್ ಇಲ್ಲದೆ ಮನೆಯಲ್ಲೇ ಕಸರತ್ತು, ಎಂತ ತೆಗೆದುಕೊಳ್ಳುವುದು?

ನಮಸ್ಕಾರ. ನಾನಿರುವುದು ಮಲ್ಪೆಯಲ್ಲಿ, ಹಳೇ ಹೆಂಚಿನ ಮನೆ. ವಯಸ್ಸು 44. ಜಿಮ್ಮಿಗೆ ಹೋಗಿ ಬರಲು ಪುರುಸೊತ್ತಿಲ್ಲ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದಲ್ಲ, ಹಾಗಾಗಿ ಮನೆಯಲ್ಲೇ ಶುರು ಮಾಡಿದ್ದೇನೆ.

ಸದ್ಯಕ್ಕೆ ಬ್ಯಾಗಿಗೆ 10 ಕೆ.ಜಿ. ಕುಚ್ಚಲಕ್ಕಿ ತುಂಬಿಸಿ, ಬೆನ್ನಿಗೆ ಹಾಕಿಕೊಂಡು ಬಸ್ಕಿ. ಜಗಲಿಯ ಕಟ್ಟೆಗೆ ಕೈಯೂರಿ ದಂಡ. 12 ಬಸ್ಕಿ ಸಲೀಸಾದರೆ ಒಂದು ಕೆ.ಜಿ. ಹೆಚ್ಚಿಸುವುದು. (ಅಕ್ಕಿ ಡಬ್ಬಿ ಖಾಲಿ ಅಂತ ಅಮ್ಮನ ದೂರು ಬೇರೆ.)

ತೊಂದರೆ ಇರುವುದು ಬೆನ್ನಿನ ಸ್ನಾಯುಗಳ ಕಸರತ್ತಿಗೆ, ಅಂದರೆ ಎಳೆಯುವ ವ್ಯಾಯಾಮಕ್ಕೆ. ಪಕ್ಕಾಸಿಗೆ ಹಗ್ಗ ಕಟ್ಟಿ ನೇತಾಡುವ ಎಂದರೆ ಮರಕ್ಕೆ ಗೆದ್ದಲು ಹಿಡಿದಿದೆ, ಹೆಂಚು ತಲೆ ಮೇಲೆ ಬಿದ್ದೀತು. ಬಾಗಿಲ ದಾರಂದಕ್ಕೆ ಸಿಕ್ಕಿಸುವ ರಾಡ್ ನನ್ನ 75 ಕೆ.ಜಿ. ತಡೆದೀತಾ? ಅಲ್ಲ, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆದರೆ ಸಾಕಾ?

ಇನ್ನೊಂದು: ಇಲ್ಲಿಯ ಕಡಲ ಗಾಳಿಗೆ ಕಬ್ಬಿಣದ ಡಂಬೆಲ್ ತುಕ್ಕು ಹಿಡಿಯದೆ ಇರುವುದಿಲ್ಲ. ರಬ್ಬರ್ ಹೊದಿಸಿದ್ದು ಬಾಳಿಕೆ ಬರುತ್ತದಾ? ಸೆಕೆಂಡ್‌ಹ್ಯಾಂಡ್ ಯಾರಲ್ಲಾದರೂ ಉಂಟಾದರೆ ಹೇಳಿ ಮಾರಾಯ್ರೆ. ಸಿಮೆಂಟು ತುಂಬಿದ ಡಬ್ಬಿಯ ಐಡಿಯಾ ಮಾತ್ರ ಬೇಡ, ಒಮ್ಮೆ ಕಾಲ ಮೇಲೆ ಹಾಕಿಕೊಂಡು ಆಗಿದೆ.