ಕೇಸ್ ಚಾಕು: ಮೊದಲು ಬುಡದ ಮುದ್ರೆ ಓದಿ, ಆಮೇಲೆ ಬೆಲೆಯ ಮಾತು

ಪ್ರಶ್ನೆ: ಸರ್, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಳೇ ಮನೆ ಸಾಮಾನು ಮಾರುವ ಕಡೆ ಕೇಸ್ ಕಂಪನಿಯ ಮಡಚುವ ಚಾಕು ಸಿಕ್ಕಿತು. ನಂಬರ್ 6254. ಚೂಪು ತುದಿಯ ಅಲಗಿನ ಬುಡದಲ್ಲಿ ‘ಕೇಸ್ ಎಕ್ಸ್‌ಎಕ್ಸ್’ ಅಷ್ಟೇ ಇದೆ. ಮೊಂಡು ತುದಿಯದರಲ್ಲಿ ಜೊತೆಗೆ ‘ಯು.ಎಸ್.ಎ.’ ಇದೆ. ಯಾರಾದರೂ ಅಲಗು ಬದಲಾಯಿಸಿರಬಹುದಾ?

ಉತ್ತರ: ಬದಲಾಯಿಸಿರಬಹುದು, ಆದರೆ ಮೊದಲೇ ಆ ತೀರ್ಮಾನಕ್ಕೆ ಬರಬೇಡಿ. ಬರೀ ‘ಕೇಸ್ ಎಕ್ಸ್‌ಎಕ್ಸ್’ ಮುದ್ರೆ 1940ರಿಂದ 1964ರವರೆಗಿನದು. 1965ರಲ್ಲಿ ‘ಯು.ಎಸ್.ಎ.’ ಸೇರಿತು. ಕಾರ್ಖಾನೆಯವರು ಉಳಿದಿದ್ದ ಹಳೇ ಅಲಗುಗಳನ್ನು ಎಸೆಯದೆ ಹೊಸದರ ಜೊತೆ ಜೋಡಿಸಿದ್ದರಿಂದ ಇಂಥ ಬೆರಕೆ ಚಾಕುಗಳು ಹುಟ್ಟಿದವು. ಸಂಗ್ರಾಹಕರು ಇವನ್ನೇ ಹುಡುಕುತ್ತಾರೆ.

ಅಸಲಿಯೋ ಅಲ್ಲವೋ ಅನ್ನುವುದಕ್ಕೆ ಎರಡೂ ಅಲಗುಗಳನ್ನು ಭೂತಗನ್ನಡಿಯಲ್ಲಿ ಪಕ್ಕಪಕ್ಕ ನೋಡಿ. ಸವೆತ, ಬೂದು ಬಣ್ಣ, ಕಾರ್ಖಾನೆ ಉಜ್ಜಿದ ಸಣ್ಣ ಗೆರೆ, ಮೂರೂ ಹೊಂದಬೇಕು. ಆಮೇಲೆ ಅಲಗು ತಿರುಗುವ ಪಿನ್ನಿನ ತಲೆ ನೋಡಿ. ಅದು ಪಕ್ಕದ ಲೋಹದಲ್ಲಿ ಬೆರೆತು ಕಾಣಿಸಲೇಬಾರದು. ಸುತ್ತ ತೆಳು ಉಂಗುರ ಕಂಡರೆ ಅಥವಾ ಸುತ್ತಿಗೆ ಏಟಿನ ಗುರುತಿದ್ದರೆ ಚಾಕು ಒಮ್ಮೆ ಬಿಚ್ಚಿದೆ ಅಂತಲೇ ಅನುಮಾನಿಸಿ.

ಪ್ರಶ್ನೆ: ಅಲಗಿನ ಬುಡದ ಮುದ್ರೆಯಲ್ಲಿರುವ ಚುಕ್ಕಿಗಳಿಂದ ವರ್ಷ ಲೆಕ್ಕ ಹಾಕುವುದು ಹೇಗೆ ಸರ್?

ಉತ್ತರ: 1970ರಲ್ಲಿ ಹತ್ತು ಚುಕ್ಕಿ, ಮುಂದೆ ವರ್ಷಕ್ಕೊಂದು ಕಡಿಮೆ. ಆರು ಚುಕ್ಕಿ ಅಂದರೆ 1974, ಒಂದೇ ಅಂದರೆ 1979. 1980ರಲ್ಲಿ ಮತ್ತೆ ಹತ್ತರಿಂದ ಶುರು, ಆದರೆ ಆಗ ‘ಎಸ್’ ಅಕ್ಷರ ಮಿಂಚಿನಂತೆ ಕೊಂಕಾಗಿದೆ. ಅದನ್ನು ಗಮನಿಸದಿದ್ದರೆ ಸರಿಯಾಗಿ ಹತ್ತು ವರ್ಷ ತಪ್ಪುತ್ತೀರಿ.

ಪ್ರಶ್ನೆ: ನನ್ನ 6254ರ ಹಿಡಿ ಕೆಂಪಗಿದೆ. ‘ರೆಡ್ ಬೋನ್’, ಅಂದರೆ ಕೆಂಪು ಮೂಳೆಯ ಹಿಡಿ, ಅಂತ ಹೆಚ್ಚು ಬೆಲೆ ಕೇಳಬಹುದಾ?

ಉತ್ತರ: ಇಲ್ಲಿಯೇ ಜಾಸ್ತಿ ಜನ ಏಮಾರುವುದು. ನಂಬರಿನ 6 ಅಂದರೆ ಗೀರು ಕೆತ್ತಿದ ದನದ ಮೂಳೆ, 2 ಅಂದರೆ ಎರಡು ಅಲಗು, 54 ಮಾದರಿ. ಆದರೆ ಮೂಳೆಯಂತೆ ಕಾಣುವ ಡೆಲ್ರಿನ್ ಪ್ಲಾಸ್ಟಿಕ್ ಹಿಡಿಗೂ ಅದೇ 6 ಹಾಕಿದ್ದಾರೆ, ಹಾಗಾಗಿ ನಂಬರೊಂದೇ ಸಾಕ್ಷಿಯಲ್ಲ. ಹಿಡಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಕಪ್ಪು ರಂಧ್ರಗಳಿದ್ದರೆ ಮೂಳೆ. ಬಿಸಿ ಸೂಜಿ ಚುಚ್ಚಿ ನೋಡುವ ಕೆಲಸ ದಯವಿಟ್ಟು ಮಾಡಬೇಡಿ, ಆ ಕಲೆ ಹೋಗುವುದಿಲ್ಲ.

ಮೂಳೆಯೇ ಆದರೆ ಹಗಲು ಬೆಳಕಿನಲ್ಲಿ ಎರಡೂ ಬದಿ ನೋಡಿ. ಅಸಲಿ ರೆಡ್ ಬೋನ್ ಎರಡೂ ಕಡೆ ಒಂದೇ ಗಾಢ ಕೆಂಪು. ಮುಂದೆ ಕೆಂಪು, ಹಿಂದೆ ಕಂದು ಇದ್ದರೆ ಅಂಗಡಿ ಗಾಜಿನ ಹಿಂದೆ ಬಿಸಿಲಿಗೆ ಮಾಸಿದ್ದು. ಅದಕ್ಕೆ ರೆಡ್ ಬೋನ್ ಬೆಲೆ ಕೊಡಬೇಡಿ, ಕೇಳಲೂಬೇಡಿ.

ಪ್ರಶ್ನೆ: ಮಾರುವ ಮುಂಚೆ ಪಾಲಿಶ್ ಮಾಡಿಸಲಾ?

ಉತ್ತರ: ಖಂಡಿತ ಬೇಡ! ಬಫ್ ಚಕ್ರಕ್ಕೆ ಕೊಟ್ಟರೆ ಮುದ್ರೆಯ ಅಕ್ಷರದ ಅಂಚು ದುಂಡಗಾಗುತ್ತದೆ, ಗೆರೆಗಳು ಅಳಿಸುತ್ತವೆ, ಬೆಲೆ ಅಲ್ಲಿಗೆ ಬಿತ್ತು. ಬೂದು ಬಣ್ಣ ಹಾಗೇ ಇರಲಿ. ಕೆಂಪು ತುಕ್ಕಿದ್ದರೆ ಒಂದು ಹನಿ ತೆಳು ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಹಲ್ಲುಕಡ್ಡಿಯಿಂದ ಎಬ್ಬಿಸಿ.

ಅಲಗು ಪೂರ್ತಿ ಇದೆಯಾ ಅಂತಲೂ ನೋಡಿ. ಮಡಚಿದಾಗ 6254ರ ಉದ್ದ ನಾಲ್ಕೂ ಎಂಟನೇ ಒಂದು ಇಂಚು. ಉಗುರು ಸಿಕ್ಕಿಸುವ ಗೀರು ಹಿಡಿಯೊಳಗೆ ಅರ್ಧ ಮುಳುಗಿದ್ದರೆ ಅಲಗಿನ ಬುಡ ಸವೆದಿದೆ ಅಥವಾ ಯಾರೋ ಅರ ಹಾಕಿದ್ದಾರೆ. ಬೆಲೆ ಕಟ್ಟುವಾಗ ಮಾರುವವರು ಹೇಳುವ ದರ ಬಿಟ್ಟು, ಮಾರಾಟವಾಗಿ ಮುಗಿದ ದರ ನೋಡಿ. ಅದೂ ಮಾದರಿ, ಮುದ್ರೆ, ಹಿಡಿ, ಸ್ಥಿತಿ ನಾಲ್ಕೂ ನಿಮ್ಮದಕ್ಕೆ ಹೋಲುವಂಥದ್ದು.

ಪ್ರಶ್ನೆ: 5254 ಕೂಡ ಇದೆ. ಊರಿಗೆ ತರಬಹುದಾ?

ಉತ್ತರ: ತರಬೇಡಿ. 5 ಅಂದರೆ ಜಿಂಕೆ ಜಾತಿಯ ಕೊಂಬು. ಈ ಹಿಡಿಗಳಿಗೆ ಹೆಸರುವಾಸಿಯಾದದ್ದು ನಮ್ಮ ಕಡವೆಯ ಕೊಂಬು. 1998ರಲ್ಲಿ ಭಾರತ ಅದರ ರಫ್ತು ನಿಲ್ಲಿಸಿದ ಮೇಲೆ ಹಳೇ ಹಿಡಿಗಳಿಗೆ ಬೇಡಿಕೆ ಏರಿತು. ಕಡವೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ. ಅಲ್ಲಿಯೇ ಮಾರಿಬಿಡಿ.